ಉಡಿಪ್ರಾಣಿಯ ಪಾಠ

ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ನಿಂತಿದ್ದ ಆ ಎತ್ತರದ ಮನುಷ್ಯನನ್ನು ಟೀಚರು ಶೇಖರಮ್ಮ ಹಮಾಲ ಎಂದುಕೊಂಡಳು. ತಪ್ಪು ಪೂರ್ತಿ ಅವಳದಲ್ಲ. ಅವನ ತಲೆಯ ಮೇಲೆ ತಗಡಿನ ದೊಡ್ಡ ಟ್ರಂಕು ಇತ್ತು, ಹೆಗಲಿಗೆ ತಾಮ್ರದ ತಂತಿಯ ಸುರುಳಿ, ಅಂಗಿಯ ತುಂಬ ರಾಯಚೂರಿನ ಬಸ್ಸಿನ ಧೂಳು.

"ಅಲ್ಲಿ ಪಡಸಾಲ್ಯಾಗ ಇಳಿಸು. ಮಾಸ್ತರು ಎಲ್ಲಿ, ಹಿಂದ ಬರಾಕತ್ತಾರೇನು?" ಎಂದು ಕೇಳಿದಳು.

ಅವನು ಟ್ರಂಕು ಇಳಿಸಿದ. ಹೆಗಲ ಮೇಲಿನ ವಸ್ತ್ರದಿಂದ ನಿಧಾನವಾಗಿ ಮುಖ ಒರೆಸಿಕೊಂಡ.

"ಬಂದಾರ್ರಿ," ಎಂದ. "ಟ್ರಂಕಿನ ಕೆಳಗ ಇದ್ರು. ಅದಕ್ಕ ನಿಮಗ ಕಂಡಿಲ್ಲ."

ಶೇಖರಮ್ಮನ ಕಿವಿ ಬಿಸಿಯಾದವು. ಕಿಟಕಿಯಲ್ಲಿ ಮುಖವೊತ್ತಿ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ, ಆದರೆ ಅವನ ತುಟಿಯ ಒಂದು ಮೂಲೆ ಮಾತು ಕೇಳದೆ ಮೇಲೇರಿತ್ತು.

ಹೆಸರು ಗದ್ದೆಪ್ಪ ಎಂದು ಹೇಳಿಕೊಂಡ. ಹೈದರಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಗಳ ಎಲುಬು ಜೋಡಿಸುವ ಕೆಲಸ, ಹುಟ್ಟಿದ್ದು ಸಿಂಧನೂರಿನ ಹತ್ತಿರದ ಗೊರೇಬಾಳದಲ್ಲಿ. ಆಮೇಲೆ ಅವಳ ಕಣ್ಣನ್ನೇ ನೋಡುತ್ತ, "ಕೇರಿಯವ ಇದ್ದೀನ್ರಿ. ಹೊರಗ ಕುಂದ್ರಬೇಕಂದ್ರ ಈಗ ಹೇಳಿಬಿಡ್ರಿ," ಎಂದ. ಬಹಳ ಊರುಗಳಲ್ಲಿ ಆಡಿ ಆಡಿ ಸವೆದುಹೋದ ಮಾತು ಅದು. ಅದರಲ್ಲಿ ಬೇಡಿಕೆಯಿರಲಿಲ್ಲ.

"ಎಲುಬು ಒಳಗ ಅದಾವ," ಎಂದಳು ಶೇಖರಮ್ಮ. "ಹೊರಗ ಕುಂತು ಹೆಂಗ ಜೋಡಸ್ತೀರಿ?"

ಇಳಿಸು ಎಂದವಳು ಒಂದೇ ಗಳಿಗೆಯಲ್ಲಿ ಜೋಡಸ್ತೀರಿ ಎಂದದ್ದನ್ನು ಅವನು ಗಮನಿಸಿದ. ಟ್ರಂಕನ್ನು ಮತ್ತೆ ಎತ್ತಿಕೊಂಡು ಹೊಸ್ತಿಲು ದಾಟಿದ.

ಅದು ಎರಡನೆಯ ದೊಡ್ಡ ಯುದ್ಧಕ್ಕೆ ಹಿಂದಿನ ವರ್ಷ. ಮೊಗಲಾಯಿಯಲ್ಲಿ ನಿಜಾಮರ ಆಳಿಕೆ ಇನ್ನೂ ಗಟ್ಟಿಯಾಗಿತ್ತು. ಹಟ್ಟಿಯ ಚಿನ್ನದ ಗಣಿಗೆ ಬಂದಿದ್ದ ಆಸ್ಟ್ರೇಲಿಯಾದ ಒಬ್ಬ ಇಂಜಿನಿಯರ್ ತನ್ನ ದೇಶಕ್ಕೆ ಮರಳುವಾಗ ಮರದ ಪೆಟ್ಟಿಗೆಯೊಂದನ್ನು ಶಾಲೆಗೆ ಕೊಟ್ಟುಹೋಗಿದ್ದ. ಅದರೊಳಗಿದ್ದದ್ದು ಒಂದು ಹೆಣ್ಣು ಕಾಂಗರೂವಿನ ಎಲುಬುಗಳು, ಹದ ಮಾಡಿದ ಚರ್ಮ. ಪೆಟ್ಟಿಗೆ ತೆರೆದ ದಿನ ಶಾಲೆಯ ಆಯಾ ಮುನ್ನಿಬೀ, ಇದು ಇಲಿಗಳ ಬಾದಶಹನ ಗೋರಿ ಎಂದು ಹೇಳಿ ದೂರ ಸರಿದಿದ್ದಳು. ಶೇಖರಮ್ಮ ಮಾತ್ರ ಪಟ್ಟು ಹಿಡಿದು ಹೈದರಾಬಾದಿಗೆ ಮೂರು ಕಾಗದ ಉರ್ದುವಿನಲ್ಲಿ ಬರೆದು, ಎಲುಬು ಬಲ್ಲವರನ್ನು ಕಳಿಸಿಕೊಡಿ ಎಂದು ಕೇಳಿದ್ದಳು. ಮೂರನೆಯ ಕಾಗದಕ್ಕೆ ಗದ್ದೆಪ್ಪ ಬಂದಿದ್ದ.

ಪಟ್ಟು ಹಿಡಿಯುವುದು ಅವಳಿಗೆ ಹೊಸದೇನಲ್ಲ. ಮಸ್ಕಿಯ ಜವಳಿ ವ್ಯಾಪಾರಿಯ ಮಗಳು ಅವಳು. ಒಂಬತ್ತನೆಯ ವರ್ಷಕ್ಕೆ ಮದುವೆಯಾಗಿ ಹನ್ನೊಂದಕ್ಕೆ ವಿಧವೆಯಾದವಳು. ಗಂಡನೆಂಬ ಹುಡುಗನ ಮುಖ ಅವಳಿಗೆ ನೆನಪಿಲ್ಲ, ಮದುವೆಯ ಹಂದರದಲ್ಲಿ ಅವನು ನಿದ್ದೆ ಬಂದು ಅತ್ತದ್ದು ನೆನಪಿದೆ. ಅಪ್ಪ ಮಂದಿಯ ಮಾತಿಗೆ ಕಿವಿಗೊಡದೆ ಅವಳನ್ನು ರಾಯಚೂರಿನಲ್ಲಿ ಓದಿಸಿದ. ಅಪ್ಪ ಹೋದ ಮೇಲೆ ಅಣ್ಣ ಅಮರಗುಂಡಪ್ಪನಿಗೆ ಅಪ್ಪನ ಅಂಗಡಿ ಬಂತು, ಅಪ್ಪನ ಎದೆ ಬರಲಿಲ್ಲ. ಇಪ್ಪತ್ತಮೂರು ವರ್ಷದ ತಂಗಿ ಬಿಳಿ ಸೀರೆ ಉಟ್ಟು, ತಲೆ ತಗ್ಗಿಸಿ ಪಾಠ ಹೇಳಿಕೊಂಡಿರುವಷ್ಟು ದಿನ ಇರಲಿ ಎಂದು ಅವನು ಬಿಟ್ಟಿದ್ದ.

ತಲೆ ತಗ್ಗಿಸುವುದೊಂದು ಅವಳಿಗೆ ಬರುತ್ತಿರಲಿಲ್ಲ.

ಗದ್ದೆಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿ, ಎಲುಬುಗಳನ್ನು ಸಾಲಾಗಿ ಹರಡಿ ಕುಳಿತ. ಸಣ್ಣ ಬೈರಿಗೆಯಿಂದ ತೂತು ಕೊರೆದು ತಂತಿ ಪೋಣಿಸುತ್ತಿದ್ದ. ಬಾಲದ ಮಣಿ ಒಂದೊಂದನ್ನೂ ಎತ್ತಿಕೊಡುವುದಕ್ಕೆ ಹುಡುಗಿಯರಲ್ಲಿ ಪೈಪೋಟಿ ಬಿತ್ತು. ಮೂರನೆಯ ದಿನ ಅವನು ಟ್ರಂಕಿನಿಂದ ಬಟ್ಟೆಯ ಮೇಲೆ ಅಚ್ಚು ಹಾಕಿದ ಹಳೆಯ ಪಟವೊಂದನ್ನು ತೆಗೆದು ಗೋಡೆಗೆ ತೂಗುಹಾಕಿದ. ಹಾಲೂಡಿಸುವ ಪ್ರಾಣಿಗಳೆಲ್ಲ ಅದರಲ್ಲಿ ಮೂರು ಮೆಟ್ಟಿಲಾಗಿದ್ದವು. ಎಲ್ಲಕ್ಕಿಂತ ಕೆಳಗೆ ಮೊಟ್ಟೆಯಿಟ್ಟು ಹಾಲೂಡಿಸುವ ಒಂದೆರಡು ಪ್ರಾಣಿ. ಮೇಲಿನ ಮೆಟ್ಟಿಲಲ್ಲಿ ಮನುಷ್ಯ, ಆಕಳು, ನಾಯಿ, ಬಾವಲಿ. ನಡುವೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಕಾಂಗರೂ ಮತ್ತು ಅದರ ಬಳಗ. ಅವುಗಳ ಪಕ್ಕದಲ್ಲಿ ಉರ್ದು ಅಕ್ಷರದಲ್ಲಿ 'ನಾಖಿಸ್' ಎಂದಿತ್ತು.

ಶೇಖರಮ್ಮ ಬಾಗಿಲಲ್ಲಿ ನಿಂತು ಅದನ್ನು ಓದಿದಳು.

"ನಾಖಿಸ್ ಅಂದ್ರ ಅರೆಕೊರೆ. ಈ ಪ್ರಾಣಿದು ಏನು ಅರೆಕೊರೆ ಐತಿ?"

"ಕೂಸು ಪೂರ್ತಿ ಬೆಳೆಯೂಕಿಂತ ಮೊದಲ ಹುಟ್ಟತೈತ್ರಿ, ಅಕ್ಕಾವ್ರ. ಅದಕ್ಕ ಹಂಗ ಬರದಾರ."

"ಹುಟ್ಟಿ ಸಾಯತೈತೇನು?"

"ಇಲ್ರಿ. ಚೀಲದಾಗ ಬೆಳೀತೈತಿ."

"ಹಾಲು?"

"ತಾಯಿದ."

"ಹಂಗಾದ್ರ ಅರೆಕೊರೆ ಇರೋದು ಪ್ರಾಣಿ ಅಲ್ಲ, ನಿಮ್ಮ ಪಟ."

ನಲವತ್ತು ಹುಡುಗಿಯರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು. ಗದ್ದೆಪ್ಪ ಆರು ವರ್ಷ ಆ ಪಟವನ್ನು ಹೊತ್ತು ತಿರುಗಿದ್ದ, ಮೊದಲ ಸಲ ನೋಡುವವನಂತೆ ಈಗ ಅದನ್ನು ನೋಡುತ್ತ ನಿಂತ. ಹುಡುಗಿಯರ ಮುಂದೆ ಸೋತದ್ದಕ್ಕೆ ಅವನಿಗೆ ಸಿಟ್ಟು ಬಂದಿರಬೇಕು ಎಂದು ಶೇಖರಮ್ಮ ಸಂಜೆಯ ತನಕ ಅಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಪಟ ಹಿಂದುಮುಂದಾಗಿ ತೂಗುತ್ತಿತ್ತು. ಬಿಳಿಯ ಬೆನ್ನಿನ ಮೇಲೆ ಇದ್ದಿಲಿನಿಂದ ಒಂದು ಮರ ಬರೆದಿದ್ದ. ಬುಡದ ಹತ್ತಿರ ಒಂದು ಕೊಂಬೆ ಬೇಗನೆ ಒಡೆದಿತ್ತು, ಅದು ಮೊಟ್ಟೆಯಿಡುವವರದು. ಉಳಿದ ಕಾಂಡ ಮೇಲಕ್ಕೆ ಹೋಗಿ ಎರಡು ಸರಿಸಮ ಕೊಂಬೆಗಳಾಗಿತ್ತು. ಒಂದರ ಮೇಲೆ ಆಕಳು, ನಾಯಿ, ಮನುಷ್ಯ. ಇನ್ನೊಂದರ ಮೇಲೆ ಕಾಂಗರೂ.

ತನ್ನ ಕಾಲೇಜಿನ ಪ್ರೊಫೆಸರರು ಇದನ್ನು ಎಂದೋ ಹೇಳಿದ್ದರೆಂದೂ, ತಾನು ಪಟವನ್ನು ನಂಬಿ ಅದನ್ನು ಮರೆತೆನೆಂದೂ ಅವನು ಹುಡುಗಿಯರ ಎದುರಿಗೇ ಒಪ್ಪಿಕೊಂಡ. ಮೈಮೇಲೆ ಕೂದಲಿದ್ದು ಮರಿಗೆ ಹಾಲೂಡಿಸುವುದೆಲ್ಲ ಒಂದೇ ಕುಲ. ಕಾಂಗರೂ ನಮ್ಮಂತಾಗಲು ಹೊರಟು ಅರ್ಧದಾರಿಯಲ್ಲಿ ನಿಂತದ್ದಲ್ಲ. ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳು ಬೇರೆ ಬೇರೆ ಊರಲ್ಲಿ ಮನೆ ಹೂಡಿದ ಹಾಗೆ ಇದು ಎಂದು ವಿವರಿಸಿದ. ಆಮೇಲೆ ಬಾಗಿಲ ಕಡೆ ತಿರುಗಿ, "ಸರಿ ಆತೇನ್ರಿ ಅಕ್ಕಾವ್ರ?" ಎಂದು ಕೇಳಿದ.

"ಮರ ಸರಿ ಐತಿ. ಆಕಳ ಚಿತ್ರ ಹಂದಿ ಆಗೇತಿ," ಎಂದಳು ಶೇಖರಮ್ಮ. ಸೋಲನ್ನು ಇಷ್ಟು ನೆಟ್ಟಗೆ ನಿಂತು ಒಪ್ಪುವ ಗಂಡಸನ್ನು ಅವಳು ಅಪ್ಪನ ನಂತರ ನೋಡಿರಲಿಲ್ಲ.

ಈ ಪ್ರಾಣಿಗೆ ಕನ್ನಡದಲ್ಲಿ ಏನು ಹೆಸರು ಎಂದು ಹುಡುಗಿಯೊಬ್ಬಳು ಕೇಳಿದಳು. ಗದ್ದೆಪ್ಪನಿಗೆ ಗೊತ್ತಿರಲಿಲ್ಲ. ಶೇಖರಮ್ಮ ಸೆರಗನ್ನು ಹೊಟ್ಟೆಯ ಮುಂದೆ ಚೀಲದಂತೆ ಹಿಡಿದು, "ಉಡಿಪ್ರಾಣಿ," ಎಂದಳು.

ಮುನ್ನಿಬೀ ಥಟ್ಟನೆ ಕತ್ತೆತ್ತಿದಳು. ಮುತ್ತೈದೆಯರಿಗೆ ಉಡಿ ತುಂಬುವ ಮನೆಗಳಲ್ಲಿ ಶೇಖರಮ್ಮ ಹನ್ನೆರಡು ವರ್ಷಗಳಿಂದ ಅಡುಗೆಮನೆಯ ಗೋಡೆಗೆ ಒರಗಿ ನಿಂತವಳು ಎಂಬುದು ಅವಳಿಗೆ ಗೊತ್ತಿತ್ತು. ಗದ್ದೆಪ್ಪನಿಗೂ ಆ ಬಿಳಿ ಸೀರೆ ಕಂಡಿತು. ಅವನು ಇದ್ದಿಲು ತೆಗೆದುಕೊಂಡು, ನಿಜಾಮರ ಶಾಲೆಯಲ್ಲಿ ಉರ್ದುವಷ್ಟೇ ಬರೆಯಬೇಕಾಗಿದ್ದ ಆ ಪಟದ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದ: ಉಡಿಪ್ರಾಣಿ.

ಅಂದಿನಿಂದ ಶಾಲೆ ಬಿಟ್ಟ ಮೇಲೂ ಶೇಖರಮ್ಮನಿಗೆ ಪಡಸಾಲೆಯಲ್ಲಿ ಏನಾದರೊಂದು ಕೆಲಸವಿರುತ್ತಿತ್ತು. ಹಾಜರಿ ಪುಸ್ತಕವನ್ನು ಅಲ್ಲಿಯೇ ಕುಳಿತು ತುಂಬುತ್ತಿದ್ದಳು. ಮುನ್ನಿಬೀ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತ, ನೋಡಿಯೂ ನೋಡದಂತಿರುತ್ತಿದ್ದಳು.

ಒಂದು ಸಂಜೆ ಗದ್ದೆಪ್ಪ ಮೂರು ಕೆಳದವಡೆಗಳನ್ನು ವಸ್ತ್ರದಡಿ ಇಟ್ಟ. ಒಂದು ಆಡಿನದು, ಒಂದು ನಾಯಿಯದು, ಒಂದು ಕಾಂಗರೂವಿನದು. ಉಡಿಪ್ರಾಣಿಯ ದವಡೆಯ ಹಿಂದಿನ ಮೂಲೆ ಒಳಕ್ಕೆ ಮಡಚಿರುತ್ತದೆ, ಅದೊಂದನ್ನು ನೋಡಿಯೇ ಬಲ್ಲವರು ಜಾತಿ ಹೇಳುತ್ತಾರೆ ಎಂದ. ಕಣ್ಣಿಲ್ಲದೆ ಕೈಯಿಂದಲೇ ಹುಡುಕಿರಿ ನೋಡೋಣ ಎಂದು ಪಂಥ ಕಟ್ಟಿದ.

ಶೇಖರಮ್ಮ ವಸ್ತ್ರದೊಳಗೆ ಕೈ ಹಾಕಿದಳು. ಆಡು ಸಿಕ್ಕಿತು, ನಾಯಿ ಸಿಕ್ಕಿತು. ಮೂರನೆಯದರ ಮೂಲೆಯನ್ನು ಸವರಿ ಸರಿ ಎಂದುಕೊಳ್ಳುವಷ್ಟರಲ್ಲಿ ಬೆರಳಿಗೆ ಬಿಸಿಯಾದದ್ದೊಂದು ತಗುಲಿತು. ಅವನ ಕೈ ಇನ್ನೂ ಅಲ್ಲೇ ಇತ್ತು. ತೆಗೆಯಬೇಕಾದದ್ದು ಅವಳು. ಅವಳು ತೆಗೆಯಲಿಲ್ಲ. ಬೈರಿಗೆ ಹಿಡಿದು ಗಟ್ಟಿಯಾದ ಆ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಎಣಿಸಿದಳು.

"ಈ ಎಲುಬು ಎಲ್ಲಿದು?" ಎಂದು ಮೆಲ್ಲಗೆ ಕೇಳಿದಳು.

"ಗೊರೇಬಾಳದ್ರಿ."

"ಯಾವ ಕೊಂಬಿಗೆ ಸೇರತೈತಿ?"

"ಅದನ್ನ ನೀವ ಹೇಳಬೇಕ್ರಿ." ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಅಡಕತ್ತರಿಯ ಸದ್ದು ನಿಂತಿತ್ತು. ಶೇಖರಮ್ಮ ಕೈ ತೆಗೆದು ಹಾಜರಿ ಪುಸ್ತಕ ತೆರೆದಳು. ಹಾಜರಿದ್ದ ಹುಡುಗಿಯರಿಗೆಲ್ಲ ಗೈರುಹಾಜರಿ ಬರೆದಳು.

ಹನ್ನೆರಡನೆಯ ದಿನ ಆ ಪ್ರಶ್ನೆ ಬಂತು. ಮರಿ ಚೀಲದೊಳಗೆ ಹೇಗೆ ಬರುತ್ತದೆ ಎಂದು ಪುಟ್ಟವಳೊಬ್ಬಳು ಕೇಳಿದಳು. ಗದ್ದೆಪ್ಪ ಅಪ್ಪಣೆ ಕೇಳುವಂತೆ ಶೇಖರಮ್ಮನತ್ತ ನೋಡಿದ. ಅವಳು ತಲೆಯಾಡಿಸಿದಳು.

"ಹುಟ್ಟಿದಾಗ ಅವರೆಕಾಳಿನಷ್ಟ ಇರತೈತಿ. ಕಣ್ಣು ತೆರೆದಿರಂಗಿಲ್ಲ, ಹಿಂಗಾಲು ಮೂಡಿರಂಗಿಲ್ಲ," ಎಂದ ಅವನು. "ಮುಂಗಾಲಿಂದ ತಾಯಿ ಕೂದಲಾ ಹಿಡಕೊಂಡು ತಾನ ಹತ್ತಿ ಉಡಿಗೆ ಹೋಗತೈತಿ. ತಾಯಿ ಎತ್ತಂಗಿಲ್ಲ."

"ದಾರಿ ಯಾರು ತೋರಸ್ತಾರ್ರಿ?"

"ಯಾರೂ ಇಲ್ಲ."

ಆ ಹುಡುಗಿ ಮನೆಗೆ ಹೋಗಿ ಅಜ್ಜ ಕರಿಬಸಯ್ಯನಿಗೆ ಅದನ್ನು ಬಾಯಿಪಾಠ ಒಪ್ಪಿಸಿದಳು. ಕರಿಬಸಯ್ಯ ಊರಿನ ಹಿರಿಯ. ಕೇರಿಯ ಗಂಡಸೊಬ್ಬ ಹೆಣ್ಣುಮಕ್ಕಳ ಮುಂದೆ ಬಸುರು ಬಾಣಂತನದ ಮಾತಾಡಿದ್ದು, ವಿಧವೆ ಟೀಚರು ನಿಂತು ಕೇಳಿದ್ದು, ಎರಡೂ ಸೇರಿ ಎರಡೇ ದಿನದಲ್ಲಿ ಊರ ತುಂಬ ಆಯಿತು. ವಸ್ತ್ರದಡಿಯ ಕೈಗಳನ್ನು ಕಿಟಕಿಯಿಂದ ಕಂಡವರೂ ಹುಟ್ಟಿಕೊಂಡರು. ವಿದ್ಯಾ ಇಲಾಖೆಗೆ ಅರ್ಜಿ ಹೋಯಿತು. ತನಿಖೆಗೆ ವಯಸ್ಸಾದ ಒಬ್ಬ ಸಾಹೇಬರು ಬಂದರು, ಮಸ್ಕಿಯಿಂದ ಅಮರಗುಂಡಪ್ಪ ಬಂದ.

ಸಾಹೇಬರು ಕೆಟ್ಟವರಲ್ಲ. ಬೇಗ ಮುಗಿದರೆ ಸಾಕೆಂಬಂತಿದ್ದರು. ಅವರ ಗುಮಾಸ್ತ ರಹಮಾನಸಾಬ ಒಂದು ಕಾಗದವನ್ನು ಮೊದಲೇ ಬರೆದಿಟ್ಟಿದ್ದ. ಗದ್ದೆಪ್ಪ ತಾನಾಗಿ ನಾಚಿಕೆಗೇಡಿನ ಮಾತಾಡಿದನೆಂದೂ, ಬಲವಂತವಾಗಿ ಕೈ ಹಿಡಿದನೆಂದೂ ಅದರಲ್ಲಿತ್ತು. ಇದಕ್ಕೆ ರುಜು ಹಾಕಿದರೆ ನಿನ್ನ ಶಾಲೆ ನಿನಗೆ, ಮನೆತನದ ಮರ್ಯಾದೆ ನಮಗೆ ಎಂದು ಅಮರಗುಂಡಪ್ಪ ತಂಗಿಗೆ ತಿಳಿಹೇಳಿದ. ಹೋಗುವವನು ಹೇಗೂ ಹೋಗುತ್ತಾನೆ, ಅಂಥವರಿಗೆ ಇನ್ನೊಂದು ಊರು ಸಿಗುತ್ತದೆ ಎಂದ.

ಗದ್ದೆಪ್ಪ ಬಾಗಿಲ ಹತ್ತಿರ ನಿಂತಿದ್ದ. ರುಜು ಹಾಕಿಬಿಡಿ ಎಂದು ಅವನ ಕಣ್ಣು ಹೇಳುತ್ತಿತ್ತು. ಅದನ್ನು ಓದಿಯೇ ಶೇಖರಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಅವಳು ಕಾಗದವನ್ನು ಕೊನೆಯವರೆಗೆ ಓದಿದಳು. "ಇದರಾಗ ಒಂದು ಮಾತು ಖರೆ ಐತಿ, ಸಾಹೇಬ್ರ," ಎಂದಳು. "ಕೈ ಮುಟ್ಟಿದ್ದು. ಆದ್ರ ಮುಟ್ಟಿದಾಕಿ ನಾನು. ಪಾಠಾನೂ ನಾ ಹೇಳಿಸಿದ್ದು."

ಲೇಖನಿ ತೆಗೆದುಕೊಂಡು ಅವನ ಹೆಸರನ್ನು ಹೊಡೆದುಹಾಕಿ, ಅಲ್ಲೆಲ್ಲ ತನ್ನ ಹೆಸರು ಬರೆದಳು. ಕೆಳಗೆ ರುಜು ಹಾಕಿದಳು. ಅಲ್ಲೇ ಕುಳಿತಿದ್ದ ಕರಿಬಸಯ್ಯ ಮುಖ ತಿರುಗಿಸಿದ. ಅಮರಗುಂಡಪ್ಪ ಎದ್ದು ನಿಂತ.

ಸಾಹೇಬರು ಕನ್ನಡಕ ತೆಗೆದು, ನೀನೇನು ಹೇಳುತ್ತೀ ಎಂದು ಗದ್ದೆಪ್ಪನನ್ನು ಕೇಳಿದರು.

"ಅವರು ಮುಟ್ಟಿದ್ದು ಖರೆರಿ," ಎಂದ ಅವನು. "ನಾ ಕೈ ತಗೀಲಿಲ್ಲ."

ಇಬ್ಬರ ಕೆಲಸವೂ ಹೋಯಿತು. ಎಲುಬು ಸರಕಾರದ ಸ್ವತ್ತಾದ್ದರಿಂದ ಪೂರ್ತಿ ಜೋಡಿಸಿ ನಿಲ್ಲಿಸಿಯೇ ಹೋಗಬೇಕೆಂದು ಸಾಹೇಬರು ಮೂರು ದಿನ ಕೊಟ್ಟರು. ಅದು ಕರುಣೆಯೋ ಕಾನೂನೋ ಅವರ ಮುಖದಿಂದ ತಿಳಿಯಲಿಲ್ಲ.

ಆ ಮೂರು ದಿನ ಶಾಲೆಗೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಶೇಖರಮ್ಮ ತಂತಿ ಹಿಡಿದಳು, ಗದ್ದೆಪ್ಪ ಬಿಗಿದ. ಕೊನೆಗೆ ಉಳಿದದ್ದು ಸೊಂಟದ ಮುಂದೆ ಚಾಚಿಕೊಳ್ಳುವ ಎರಡು ಸಣ್ಣ ಎಲುಬು. ಉಡಿಗೆ ಆಸರೆ ಎಂದು ಮಂದಿ ಹೇಳುತ್ತಾರೆ, ಆದರೆ ಉಡಿಯಿಲ್ಲದ ಗಂಡಿಗೂ ಇವು ಇರುತ್ತವೆ ಎಂದು ಅವನು ಹೇಳಿದ. ಯಾಕೆ ಎಂದು ಅವಳು ಕೇಳಿದಾಗ, ತನಗೆ ಗೊತ್ತಿಲ್ಲ ಎಂದ. ಗೊತ್ತಿಲ್ಲ ಎನ್ನುವಾಗ ಅವನ ಮುಖ ಎಷ್ಟು ಚೆಂದ ಎಂದು ಅವಳು ಕಣ್ಣು ಕೀಳದೆ ನೋಡಿದಳು.

"ಇನ್ನ ನಾ ಬರತೀನ್ರಿ, ಅಕ್ಕಾವ್ರ," ಎಂದ ಅವನು, ಟ್ರಂಕಿನ ಚಿಲಕ ಹಾಕುತ್ತ. "ನನ್ನಿಂದ ನಿಮ್ಮ ಬದುಕು ಹಾಳಾತು."

"ಕುಂದರ್ರಿ," ಎಂದಳು ಅವಳು. ಅವನು ಟ್ರಂಕಿನ ಮೇಲೆಯೇ ಕುಳಿತ. "ಹನ್ನೊಂದು ವರ್ಷದಾಕಿ ಇದ್ದಾಗ ನನ್ನ ಎಲ್ಲಿ ಇಡಬೇಕು ಅಂತ ಊರು ಕೂಡಿ ಹೇಳಿತು. ನನ್ನ ಯಾರೂ ಕೇಳಲಿಲ್ಲ. ಈಗ ನಾ ಹೇಳತೀನಿ. ನನ್ನ ನಿಮ್ಮ ಕೂಡ ಕರಕೊಂಡು ಹೋಗ್ರಿ."

"ನಮ್ಮ ಕೇರಿಗೆ ಬಂದ್ರ ನಿಮ್ಮೋರ ಪಾಲಿಗೆ ನೀವು ಸತ್ತಂಗ."

"ಸತ್ತು ಹನ್ನೆರಡು ವರ್ಷ ಆತು. ಬದುಕೂದು ಈಗ ಶುರು ಮಾಡಬೇಕಂತೀನಿ. ನಿಮಗ ಮನಸಿಲ್ಲಂದ್ರ ಹೇಳ್ರಿ, ಅಂಜಿಕಿ ಅಂತ ಮಾತ್ರ ಹೇಳಬ್ಯಾಡ್ರಿ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಎಲುಬಿನ ಬಿಳಿ ಹುಡಿ ಗೆರೆಗಳಲ್ಲೆಲ್ಲ ಕುಳಿತಿತ್ತು.

"ಟ್ರಂಕಿನ ಕೆಳಗ ಇದ್ದಾವನ್ನ ಹಮಾಲ ಅಂತ ತಿಳದ್ರೆಲ್ಲ, ಅವತ್ತ ಮನಸಾಗೇತ್ರಿ," ಎಂದ. "ಕತ್ತು ನೋಯತಿತ್ತು, ಆದ್ರೂ ಇನ್ನೊಂದೀಟು ಹೊತ್ತು ಇಳಿಸಬಾರದು ಅನಿಸಿತ್ತು."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಇನ್ನು ಅಕ್ಕಾವ್ರ ಅನ್ನಬೇಡಿ ಎಂದಳು. ಅವನು ಮೂರು ಸಲ ಬಾಯಿ ತೆರೆದು ಮುಚ್ಚಿ, ನಾಲ್ಕನೆಯ ಸಲ, "ಶೇಖರಮ್ಮ," ಎಂದ.

ಅವರು ಸಿಂಧನೂರಿನ ಬಸ್ಸು ಹಿಡಿದರು. ಗೊರೇಬಾಳದ ಕೇರಿಯಲ್ಲಿ ಗದ್ದೆಪ್ಪನ ತಾಯಿ ಮುದುಕಮ್ಮ ಬಿಳಿ ಸೀರೆಯ ಹುಡುಗಿಯನ್ನು ನೋಡಿ ಎದೆ ಬಡಿದುಕೊಂಡಳು. ನನ್ನ ಮಗನನ್ನು ಕೊಲ್ಲಿಸುತ್ತೀಯಾ ಎಂದು ಬೈದಳು. ಬೈದು ಮುಗಿಸಿ ಸಜ್ಜೆ ರೊಟ್ಟಿ ತಟ್ಟಿ ಇಬ್ಬರಿಗೂ ಬಡಿಸಿದಳು. ಕಚೇರಿಯ ಮದುವೆಗೆ ಸಾಕ್ಷಿ ಬೇಕಂತೆ, ನನ್ನ ಹೆಬ್ಬೆಟ್ಟು ನಡೆಯುತ್ತದೋ ಎಂದು ತಾನೇ ಕೇಳಿ, ಸೀರೆಗಂಟು ಕಟ್ಟಿಕೊಂಡು ಹೊರಟಳು.

ತುಂಗಭದ್ರೆಯ ಆಚೆಗೆ ಇಂಗ್ಲಿಷರ ಸೀಮೆ. ಅಲ್ಲಿ ಬಳ್ಳಾರಿಯ ಕಚೇರಿಯಲ್ಲಿ ಜಾತಿ ಯಾವುದಿದ್ದರೂ ಕಾಗದದ ಮೇಲೆ ಮದುವೆಯಾಗಬಹುದು ಎಂದು ಗದ್ದೆಪ್ಪ ಹೈದರಾಬಾದಿನಲ್ಲಿ ಕೇಳಿದ್ದ. ಹರಿಗೋಲು ನಡುಹೊಳೆಗೆ ಬಂದಾಗ, ಈಗಲೂ ತಿರುಗಿ ಹೋಗಬಹುದು ಎಂದು ಅವನು ಮೆಲ್ಲಗೆ ಹೇಳಿದ. ಹರಿಗೋಲು ತಾನೇ ಗಿರಗಿರನೆ ತಿರುಗುತ್ತಿದೆ, ನೀವು ಬೇರೆ ತಿರುಗಿಸಬೇಡಿ ಎಂದಳು ಶೇಖರಮ್ಮ. ಮುದುಕಮ್ಮ ಬಿದ್ದು ಬಿದ್ದು ನಕ್ಕಳು. ಆ ಹೊತ್ತಿಗೆ ಸೊಸೆಯನ್ನು ಒಪ್ಪಿಕೊಂಡಳು.

ಬಳ್ಳಾರಿಯಲ್ಲಿ ನೋಟಿಸು ಹಚ್ಚಿ ಹದಿನಾಲ್ಕು ದಿನ ಕಾಯಬೇಕಾಯಿತು. ಅತ್ತೆ ಸೊಸೆ ಒಂದು ಕಡೆ ಇದ್ದರು, ಗದ್ದೆಪ್ಪ ಇನ್ನೊಂದು ಕಡೆ. ದಿನಾ ಸಂಜೆ ಅವನು ಬಾಗಿಲಿಗೆ ಬಂದು ಕ್ಷೇಮ ಕೇಳಿ ಹೋಗುತ್ತಿದ್ದ. ಹದಿನೈದನೆಯ ದಿನ ಅವಳು ಹಸಿರು ಸೀರೆ ಉಟ್ಟು ಬಂದಾಗ ಕ್ಷೇಮ ಕೇಳುವುದನ್ನೇ ಮರೆತ.

ಅಲ್ಲಿಂದ ಹೈದರಾಬಾದಿಗೆ ಹೋಗಿಬಿಡಬಹುದಿತ್ತು. ಶೇಖರಮ್ಮ ಒಪ್ಪಲಿಲ್ಲ. ಸಿಂಧನೂರಿನ ಕೇರಿಯ ಮಕ್ಕಳಿಗೆ ತಾವಿಬ್ಬರೇ ಶಾಲೆ ನಡೆಸೋಣ ಎಂದಳು. ಅದಕ್ಕಿಂತ ಮೊದಲು ಮಸ್ಕಿಗೆ ಹೋಗಬೇಕು, ಅವ್ವನಿಗೆ ಮುಖ ತೋರಿಸಬೇಕು, ಕದ್ದು ಓಡಿದಳು ಅನ್ನಿಸಿಕೊಳ್ಳಲಾರೆ ಎಂದಳು.

ಮುದುಕಮ್ಮನನ್ನು ಗೊರೇಬಾಳದಲ್ಲಿ ಬಿಟ್ಟು ಅವರಿಬ್ಬರು ಮಸ್ಕಿಗೆ ಬಂದದ್ದು ಸಂತೆಯ ದಿನ, ನೆತ್ತಿಯ ಮೇಲೆ ಬಿಸಿಲಿರುವಾಗ. ಬಜಾರು ಕಿಕ್ಕಿರಿದಿತ್ತು. ಹಸಿರು ಸೀರೆಯ ಶೇಖರಮ್ಮ ಮುಂದೆ, ಗದ್ದೆಪ್ಪ ಅವಳ ಪಕ್ಕದಲ್ಲಿ. ಹಿಂದೆ ಬೀಳಲು ಅವಳು ಬಿಡಲಿಲ್ಲ. ಅವರು ನಡೆದಂತೆ ಚೌಕಾಸಿಯ ಮಾತುಗಳು ಒಂದೊಂದಾಗಿ ನಿಂತವು. ಅಮರಗುಂಡಪ್ಪ ಗಜಕೋಲು ಹಿಡಿದು ಬಟ್ಟೆ ಅಳೆಯುತ್ತಿದ್ದ. ತಂಗಿಯನ್ನು ಕಂಡು, ಗಿರಾಕಿಗಳನ್ನು ಹೊರಗೆ ಕಳಿಸಿ ಅಂಗಡಿಯ ಹಲಗೆಗಳನ್ನು ಹಾಕಿಸಿದ. ಪಕ್ಕದ ಮನೆಯ ಕಟ್ಟೆಗೆ ಬಂದು ಬಾಗಿಲಿಗೆ ಅಡ್ಡ ನಿಂತ.

"ಅವ್ವನ್ನ ಕರಿ, ಅಣ್ಣಾ," ಎಂದಳು ಶೇಖರಮ್ಮ.

"ನಿನಗ ಅವ್ವ ಇಲ್ಲ."

"ಅದನ್ನ ಅವ್ವ ಹೇಳಲಿ. ನಾ ನಿಂದರತೀನಿ."

ನಿಂತಳು. ಗದ್ದೆಪ್ಪನೂ ನಿಂತ. ಮಂದಿ ಸುತ್ತ ಕೂಡಿತು. ಎಲ್ಲಿಂದಲೋ ಒಂದು ಕಲ್ಲು ಬಂದು ಅವನ ಕಾಲ ಬಳಿ ಬಿತ್ತು. ಅವನು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ, ಕದಲಲಿಲ್ಲ.

ಆಗ ಅಮರಗುಂಡಪ್ಪನ ಹಿಂದಿನಿಂದ, "ಪಕ್ಕಕ್ಕ ಸರಿ, ಅಮರಗುಂಡಪ್ಪಾ," ಎಂಬ ಮಾತು ಕೇಳಿತು. ಅವ್ವ ಕಸ್ತೂರೆಮ್ಮ ತಾಮ್ರದ ತಂಬಿಗೆ ಹಿಡಿದು ಬಂದಿದ್ದಳು. ಹಣೆಯ ತುಂಬ ವಿಭೂತಿ, ಪೂಜೆಯಿಂದಲೇ ಎದ್ದು ಬಂದಂತಿತ್ತು. ಮಗ ಸರಿಯಲಿಲ್ಲ. ಅವಳು ಅವನ ತೋಳನ್ನು ಪಕ್ಕಕ್ಕೆ ಒತ್ತಿ ಕಟ್ಟೆ ಇಳಿದಳು. ಮಗಳ ಹಸಿರು ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು, ಬಿಟ್ಟಳು. ಆಮೇಲೆ ಅಳಿಯನ ಎದುರಿಗೆ ಬಂದಳು.

ಗದ್ದೆಪ್ಪನ ಕೈಗಳು ಹುಟ್ಟಿನಿಂದ ಕಲಿತ ಪಾಠದಂತೆ ತಾವೇ ಬೊಗಸೆಯಾದವು. ಮೇಲಿನಿಂದ ಹೊಯ್ದ ನೀರನ್ನಷ್ಟೇ ಅವನು ಇಂಥ ಮನೆಗಳಲ್ಲಿ ಕುಡಿದಿದ್ದ. ಕಸ್ತೂರೆಮ್ಮ ಹೊಯ್ಯಲಿಲ್ಲ. ಅವನ ಬೊಗಸೆಯನ್ನು ಬಿಡಿಸಿ ತಂಬಿಗೆಯನ್ನೇ ಕೈಗಿಟ್ಟಳು.

"ಬಿಸಿಲಾಗ ಬಂದೀರಿ. ಬಾಯಿ ಹಚ್ಚಿ ಕುಡೀರಿ, ಅಳಿಯಾ."

ಅವನು ಕುಡಿದ. ಅವನ ಗಂಟಲು ಏರಿ ಇಳಿಯುವುದನ್ನು ಇಡೀ ಬಜಾರು ನೋಡಿತು. ಅರ್ಧ ಕುಡಿದು, ಮುಂದೇನು ಮಾಡಬೇಕೆಂದು ತಿಳಿಯದೆ ತಂಬಿಗೆಯನ್ನು ಹಿಡಿದೇ ನಿಂತ. ಕಸ್ತೂರೆಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಕಟ್ಟೆಯ ಮೇಲಿದ್ದ ಮಗನತ್ತ ಒಮ್ಮೆ, ಮಂದಿಯತ್ತ ಒಮ್ಮೆ ನೋಡಿ, ಉಳಿದ ನೀರನ್ನು ತಾನು ಬಾಯಿ ಹಚ್ಚಿ ಕುಡಿದಳು.